ಅತಿಥಿ ಮೀನಿಗೆ ಬೆನ್ನು ತಿರುಗಿಸಿದ ನೇಯ್ ಅಕೋಯಾ

"ಅಮ್ಮಾ, ಅಕೋಯಜ್ಜಿ ಮೀನಿಗೆ ಬೆನ್ನು ತಿರುಗಿಸ್ಕೊಂಡು ಯಾಕೆ ಊಟ ಮಾಡ್ತಿದಾರೆ? ಮೀನು ಇನ್ನೂ ತಿಂದೇ ಇಲ್ವಲ್ಲ."

ನನ್ನ ಮಗಳು ಮೇರೆ ಇದನ್ನು ಕೇಳಿದ್ದು ಮೀನಿನ ಶೆಡ್ಡಿನ ಬಾಗಿಲಲ್ಲಿ, ನನ್ನ ಸೊಂಟದ ಮೇಲೆ ಕೂತು, ಬೇರೆ ಯಾರಿಗೂ ಕೇಳಿಸದಿರಲಿ ಎಂದು ನನ್ನ ಕಿವಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ದನಿಯಲ್ಲಿ ದೂರಿತ್ತು. ಇರಬೇಕಾದದ್ದೇ. ಬಂದವರು ಉಂಡು ಕೈ ತೊಳೆಯುವ ತನಕ ನಾವು ತಟ್ಟೆ ಮುಟ್ಟುವುದಿಲ್ಲ. ಎದುರಿಗೆ ಕೂತು ಬೀಸಣಿಗೆಯಿಂದ ನೊಣ ಓಡಿಸುತ್ತೇವೆ. ನಮ್ಮ ತಬ್ವಾಕೇಯಾ ಊರಿನ ಮಕ್ಕಳಿಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ, ನೋಡಿ ನೋಡಿಯೇ ಬರುತ್ತದೆ. ಅಂಥ ಮಗುವಿನ ಕಣ್ಣೆದುರಿಗೆ ಊರಿನ ದೊಡ್ಡ ಹೆಂಗಸೊಬ್ಬರು ತೊಟ್ಟಿಯೊಳಗಿನ ಹಸಿದ ಅತಿಥಿಗೆ ಬೆನ್ನು ಹಾಕಿ ಕೂತು, ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನನ್ನು ಅನ್ನಕ್ಕೆ ಕಲಸಿ ಚಪ್ಪರಿಸುತ್ತಿದ್ದರು.

"ಅವರನ್ನೇ ಕೇಳು," ಎಂದೆ.

ಕೇಳುವ ಅಗತ್ಯವೇ ಬರಲಿಲ್ಲ.

"ಕೇಳಿಸ್ತು ಕಣೇ," ಎಂದರು ನೇಯ್ ಅಕೋಯಾ, ಬಾಯಿ ತುಂಬ ಅನ್ನ ಇಟ್ಟುಕೊಂಡು, ತಿರುಗದೆ. "ಈ ದೊರೆಗೆ ಮರ್ಯಾದೆ ಕೊಟ್ಟೂ ಕೊಟ್ಟೂ ಸಾಯಿಸ್ತಾ ಇದ್ವಿ. ಇವತ್ತಿಂದ ಕೊಡಲ್ಲ. ನೀನೂ ಬಾ, ತಟ್ಟೆ ಹಿಡ್ಕೊ. ಅವನ ಕಡೆ ನೋಡಿದ್ಯೋ, ಕಿವಿ ಹಿಂಡ್ತೀನಿ."

ಮೇರೆಗೆ ಅಂದು ಅದು ಅರ್ಥವಾಗಲಿಲ್ಲ. ಮುಂದೆ ಓದಲು ಬಂದಾಗ ಓದಿಕೊಳ್ಳಲಿ ಎಂದು ಮೊದಲಿನಿಂದ ಬರೆದಿಡುತ್ತಿದ್ದೇನೆ.

ನೇಯ್ ಅಕೋಯಾ ನನ್ನ ಗಂಡ ನನೋವಾನ ದೊಡ್ಡಮ್ಮ, ಅವನ ತಾಯಿಯ ಅಕ್ಕ. ನಾನು ಅತ್ತೆ ಎನ್ನುತ್ತೇನೆ, ಊರು ಗೌರವದಿಂದ ನೇಯ್ ಎನ್ನುತ್ತದೆ. ಹುಟ್ಟಿದ್ದು ಇಲ್ಲಿಂದ ಬಹಳ ದೂರದ ತಬಿತೇವೇಯಾ ದ್ವೀಪದಲ್ಲಿ. ಮದುವೆಯಾದ ಹೊಸದರಲ್ಲಿ, ನಮ್ಮ ಈ ಕ್ರಿಸ್ಮಸ್ ದ್ವೀಪದಲ್ಲಿ ಜಾಗ ಬೇಕಾದಷ್ಟಿದೆ, ಜನವೇ ಇಲ್ಲ ಎಂಬ ಮಾತು ಕೇಳಿ ಗಂಡ ಬಕೋವಾ ಮಾವನ ಜೊತೆ ಹಡಗು ಹತ್ತಿದವರು. ಬರುವಾಗ ತಂದದ್ದು ಒಂದು ಕೇದಗೆ ಚಾಪೆ, ಒಂದು ಹೊಲಿಗೆ ಯಂತ್ರ ಮತ್ತು ಒಂದು ಬಾಯಿ. ಚಾಪೆ ಹರಿಯಿತು, ಯಂತ್ರಕ್ಕೆ ತುಕ್ಕು ಹಿಡಿಯಿತು, ಮೂರನೆಯದು ಮಾತ್ರ ತಂದ ದಿನ ಹೇಗಿತ್ತೋ ಹಾಗೇ ಇದೆ ಎಂದು ಮಾವ ಹೇಳುವುದುಂಟು.

ನಮ್ಮಲ್ಲಿ ತನ್ನನ್ನು ತಾನು ಹೊಗಳಿಕೊಳ್ಳುವವರು ಸಿಕ್ಕಿದರೆ ಜನ ನೆಲ ನೋಡುತ್ತಾರೆ. ನೇಯ್ ಅಕೋಯಾ ಹೊಗಳಿಕೊಂಡರೆ ನಗುತ್ತಾರೆ. "ನನ್ನ ತೊಟ್ಟೀಲಿ ಸತ್ತ ಮೀನು ನನ್ನ ಅಪ್ಪಣೆ ಕೇಳ್ಕೊಂಡೇ ಸತ್ತಿರುತ್ತೆ," ಎಂದು ಅವರು ಚರ್ಚಿನ ಅಂಗಳದಲ್ಲೇ ಹೇಳಬಲ್ಲರು. ಯಾರೂ ಎದುರಾಡುವುದಿಲ್ಲ. ಎದುರಾಡಿದರೆ ಕರೆದುಕೊಂಡು ಹೋಗಿ ತೋರಿಸಿಬಿಡುತ್ತಾರೆ, ಜೊತೆಗೆ ತೊಟ್ಟಿ ಉಜ್ಜಿಸುತ್ತಾರೆ.

ಅವರು ಕೆಲಸ ಮಾಡುವ ಶೆಡ್ಡು ಅವರ ತಮ್ಮನ ವರಸೆಯ ಇಯೋತೇಬಾನದು. ನಮ್ಮ ಗಂಡಸರು ಹವಳದ ದಿಬ್ಬಗಳಲ್ಲಿ ಮುಳುಗಿ ಬಲೆಯಲ್ಲಿ ಹಿಡಿದು ತರುವ ಬಣ್ಣದ ಮೀನುಗಳು ಅಲ್ಲಿನ ತೊಟ್ಟಿಗಳಲ್ಲಿ ಇರುತ್ತವೆ. ಅಲ್ಲಿ ತಿನ್ನಲು ಕಲಿತು, ಸುಧಾರಿಸಿಕೊಂಡು, ಆಮೇಲೆ ನೀರು ತುಂಬಿದ ಚೀಲದಲ್ಲಿ ಕೂತು ವಿಮಾನ ಹತ್ತುತ್ತವೆ. ಎಲ್ಲೋ ಯಾರದೋ ಮನೆಯ ಗಾಜಿನ ಪೆಟ್ಟಿಗೆಗೆ ಹೋಗುತ್ತವೆ. ತಿನ್ನದ ಮೀನನ್ನು ಇಯೋತೇಬಾ ವಿಮಾನಕ್ಕೆ ಹಾಕುವುದಿಲ್ಲ. ದಾರಿಯಲ್ಲೇ ಸಾಯುತ್ತದೆ.

ನೇಯ್ ಅಕೋಯಾ ಮೊದಲು ಆ ಶೆಡ್ಡಿಗೆ ಸೇರಿದ್ದು ನೆಲ ತೊಳೆಯಲು. ಈಗ ನೆಲವನ್ನು ಇಯೋತೇಬಾ ತೊಳೆಯುತ್ತಾನೆ. ಅತ್ತೆ ಬೆಳಿಗ್ಗೆ ಬಂದವರೇ ಒಂದೊಂದು ತೊಟ್ಟಿಯ ನೀರಿಗೂ ಬೆರಳು ಅದ್ದಿ ನಾಲಿಗೆಗೆ ಹಚ್ಚಿ ನೋಡುತ್ತಾರೆ. ಗಾಳಿ ಪಂಪಿನ ಸದ್ದು ಕೇಳುತ್ತಾರೆ. ಜನರೇಟರಿಗೆ ಒಂದು ಬೈಗುಳ, ಆಮೇಲೆ ಮೀನುಗಳಿಗೆ ಮಾತು. ಮೈಗೆ ಹುಳ ಹತ್ತಿದ ಮೀನಿಗೆ ಮಳೆನೀರಿನಲ್ಲಿ ಒಂದು ಮುಳುಗು ಹಾಕಿಸುತ್ತಾರೆ. ಹೆದರಿದ ಮೀನಿನ ತೊಟ್ಟಿಗೆ ಒದ್ದೆ ಚಾಪೆ ಹೊದಿಸಿ ಕತ್ತಲೆ ಮಾಡುತ್ತಾರೆ. "ಕಾಯಿಲೆ ಮೀನಿಗೆ ಮೊದ್ಲು ಬಣ್ಣ ಹೋಗುತ್ತೆ, ಆಮೇಲೆ ಹೊಟ್ಟೆ ಹೋಗುತ್ತೆ, ಕೊನೇಗೆ ನಾಚಿಕೆ ಹೋಗುತ್ತೆ," ಎಂದು ಒಮ್ಮೆ ನನಗೆ ಹೇಳಿದ್ದರು. "ನಾಚಿಕೆ ಬಿಟ್ಟು ಬಯಲಲ್ಲಿ ಬಂದು ನಿಂತ್ಕೊಂಡ್ರೆ ಮುಗೀತು. ಮೂಲೇಲಿ ಅಡಗಿದಾನಾ, ಇನ್ನೂ ಬದುಕೋ ಆಸೆ ಇದೆ ಅಂತ."

ಈ ಎಲ್ಲ ವಿದ್ಯೆಯೂ ಒಂದು ಸಲ ಕೈಕೊಟ್ಟಿತು. ಅದೂ ಅವರ ಗಂಡನೇ ಹಿಡಿದು ತಂದ ಮೀನಿನಲ್ಲಿ.

ಬಕೋವಾ ಮಾವ ನಮ್ಮ ದೋಣಿಯ ಹಿರಿಯ ಮುಳುಗುಗಾರ. ಈಗಿನ ಹುಡುಗರಿಗೆಲ್ಲ, ನನ್ನ ಗಂಡನಿಗೂ, ಸೂಜಿ ಹಿಡಿಯಲು ಕಲಿಸಿದವರು ಅವರೇ. ಮೀನಿನ ಹೊಟ್ಟೆಯೊಳಗೆ ಒಂದು ಗಾಳಿಚೀಲವಿರುತ್ತದೆ. ಆಳದಿಂದ ಮೇಲೆ ತರುವಾಗ ಅದು ಉಬ್ಬುತ್ತದೆ. ಇಂಜೆಕ್ಷನ್ ಸೂಜಿಯಲ್ಲಿ ಪಕ್ಕದ ರೆಕ್ಕೆಯ ಹಿಂದೆ ಚುಚ್ಚಿ ಗಾಳಿ ಬಿಡಬೇಕು. ಒಂದು ಅಕ್ಕಿಕಾಳಿನಷ್ಟು ಆಚೀಚೆಯಾದರೂ ಒಳಗಿನದು ಹರಿದುಹೋಗುತ್ತದೆ. ಮಾವನ ಕೈ ಈಚೆಗೆ ಚಹಾ ಲೋಟ ಹಿಡಿದಾಗ ನಡುಗುವುದನ್ನು ಎಲ್ಲರೂ ಕಂಡಿದ್ದೆವು. "ನೀರಿನ ಕೆಳಗೆ ನಡುಗಲ್ಲ, ನಾನು ನೋಡಿದೀನಿ," ಎಂದು ನನೋವಾ ಹೇಳುತ್ತಿದ್ದ. ನೀರಿನ ಕೆಳಗೆ ನೋಡಿದವರು ಅವರು ಮೂರ್ನಾಲ್ಕು ಜನ; ಚಹಾ ಲೋಟ ನೋಡಿದ್ದು ಊರೇ.

ಆ ದಿನ ದೋಣಿ ಬಂದಾಗ ಮಾವ ಬಕೆಟ್ಟನ್ನು ಮಗುವಿನಂತೆ ತಬ್ಬಿಕೊಂಡು ಇಳಿದರು. ಒಳಗೆ ಊಟದ ತಟ್ಟೆಯಗಲದ ಮೀನು. ನೀಲಿ ಮೈಮೇಲೆ ತಲೆಯಿಂದ ಬಾಲದ ತನಕ ಹಳದಿ ಗೆರೆಗಳು, ಕಣ್ಣಿಗೆ ಕಪ್ಪು ಪಟ್ಟಿ. ನಮ್ಮವರು ಅದನ್ನು ದೊರೆ ಎನ್ನುತ್ತಾರೆ. ಅಷ್ಟು ದೊಡ್ಡದು ಸಿಕ್ಕುವುದು ಅಪರೂಪ. ದಂಡೆಯಲ್ಲಿದ್ದವರೆಲ್ಲ ಬಗ್ಗಿ ನೋಡಿದರು. ಇಯೋತೇಬಾನೂ ನೋಡಿದ, ನೋಡುತ್ತಲೇ ಇದ್ದ. ಮೀನು ಒಂದು ಪಕ್ಕಕ್ಕೆ ವಾಲುತ್ತಿತ್ತು.

"ಸೂಜಿ ಸರಿಯಾಗಿ ಬಿತ್ತಾ ಭಾವ?"

"ಸೂಜಿ ಹಿಡಿದವನು ನಾನು," ಎಂದರು ಮಾವ.

"ಅದಕ್ಕೇ ಕೇಳ್ತಿದೀನಿ."

ಇಯೋತೇಬಾ ಕೆಟ್ಟವನಲ್ಲ. ಕಾಲಿನ ಹೆಬ್ಬೆರಳಿನಿಂದ ಮರಳು ಕೆದಕುತ್ತ ಮೆಲ್ಲಗೆ ಹೇಳಿದ: "ಹೋದ ಸಲದ ಕೆಂಪು ಮೀನು ಎರಡು ಹೀಗೇ ವಾಲಿ ಸತ್ವು ಭಾವ. ಅದೂ ನಿಮ್ಮದೇ. ಈ ದೊರೆ ತಿಂದು ವಿಮಾನ ಹತ್ತಿದ್ರೆ ನಾನು ಬಾಯಿ ಮುಚ್ಚಿಕೊಳ್ತೀನಿ. ಇಲ್ಲಾಂದ್ರೆ ನೀವು ದೋಣಿಯಿಂದ ಇಳೀಬೇಕು. ಹುಡುಗರಿಗೂ ನಾನು ಉತ್ತರ ಹೇಳ್ಬೇಕಲ್ಲ."

ಮಾವ ಬಕೆಟ್ಟನ್ನು ಹೆಂಡತಿಯ ಕೈಗೆ ಕೊಟ್ಟರು. ಮನೆಗೆ ಹೋಗಿ ಅಂಗಳದ ಅಟ್ಟಣಿಗೆ ಹತ್ತಿ, ಕಡಲು ಕಾಣದ ಕಡೆಗೆ ಮುಖ ಮಾಡಿ ಕೂತರು. ಆಮೇಲೆ ದೋಣಿ ಹೊರಟಾಗ ಹೋಗಲಿಲ್ಲ. "ಮೀನು ಹೇಳಲಿ," ಎಂದರಂತೆ.

ಹಾಗಾಗಿ ಆ ಮೀನು ತಿನ್ನುವುದು ಬರೀ ಮೀನು ತಿನ್ನುವುದಾಗಿ ಉಳಿಯಲಿಲ್ಲ. ಇಡೀ ಕೇರಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಕೆಟ್ಟಿತು ಎಂದು ಈಗ ಅನ್ನಿಸುತ್ತದೆ.

ನೇಯ್ ಅಕೋಯಾ ದೊರೆಗೆ ಶೆಡ್ಡಿನ ಅತ್ಯುತ್ತಮ ತೊಟ್ಟಿ ಬಿಟ್ಟುಕೊಟ್ಟರು, ಬಾಗಿಲ ಹತ್ತಿರದ ಗಾಜಿನದು. ಅದರಲ್ಲಿದ್ದ ಮೀನುಗಳನ್ನೆಲ್ಲ ಬೇರೆಡೆ ಹಾಕಿ, ತೊಳೆದು, ಹೊಸ ನೀರು ತುಂಬಿ, ಅಡಗಿಕೊಳ್ಳಲು ಅಗಲವಾದ ಪೈಪಿನ ತುಂಡೊಂದನ್ನು ಇಟ್ಟರು. ಅವನೊಬ್ಬನೇ. ಬೆಳಿಗ್ಗೆ ಮೊದಲ ತುತ್ತು ಅವನಿಗೆ. ಅವನು ಮುಟ್ಟುವ ತನಕ ಉಳಿದ ತೊಟ್ಟಿಗಳಿಗೂ ಹಾಕುತ್ತಿರಲಿಲ್ಲ. ಊರವರು ಬರಿಗೈಯಲ್ಲಿ ಬರುತ್ತಾರೆಯೇ? ಒಬ್ಬರು ಚಿಪ್ಪಿನ ಮಾಂಸ ತಂದರು, ಒಬ್ಬರು ಆಕ್ಟೋಪಸ್ಸಿನ ಕಾಲನ್ನು ಸಣ್ಣಗೆ ಹೆಚ್ಚಿ ತಂದರು. ನನೋವಾ ದಿಬ್ಬದಿಂದ ಸ್ಪಂಜು ಬೆಳೆದ ಕಲ್ಲನ್ನೇ ಕಿತ್ತು ತಂದ, ದೊರೆ ಮೀನುಗಳು ಕಡಲಲ್ಲಿ ತಿನ್ನುವುದು ಅದನ್ನೇ. ಪಾದ್ರಿ ಹೆಂಡದ ಬುಂಡೆ ನೋಡಿದ ಹಾಗೆ ದೊರೆ ಅದನ್ನು ನೋಡಿ ಮುಖ ತಿರುಗಿಸಿತು.

ತಂದವರು ತಂದು ಹೋಗಲಿಲ್ಲ, ಕೂತರು. ಗಾಜಿನ ಎದುರಿಗೆ ಚಾಪೆ ಬಂತು. ಪಕ್ಕದ ಮನೆಯ ಮುದುಕಿ ನೇಯ್ ತೆಕಾರೇ ಅಭ್ಯಾಸಬಲದಿಂದ ತೊಟ್ಟಿಗೆ ಬೀಸಣಿಗೆ ಬೀಸತೊಡಗಿದರು.

"ನೀರಲ್ಲಿ ನೊಣ ಎಲ್ಲಿಂದ ಬರುತ್ತೆ ಅಜ್ಜಿ?" ಎಂದ ನನೋವಾ.

"ಬಂದ್ರೆ?" ಎಂದರು ಅಜ್ಜಿ.

ನಾನೂ ಕೂತಿದ್ದೆ, ಮೇರೆಯನ್ನು ತೊಡೆಯ ಮೇಲೆ ಹಾಕಿಕೊಂಡು. ಎಲ್ಲರೂ ಉಸಿರು ಹಿಡಿದು ನೋಡುತ್ತಿದ್ದೆವು. ತುಂಡುಗಳು ಬಿದ್ದು, ತೇಲಿ, ತಳ ಸೇರುತ್ತಿದ್ದವು. ನೇಯ್ ಅಕೋಯಾ ಅವನ್ನು ಬಲೆಯಿಂದ ತೆಗೆದು, ನೀರು ಬದಲಿಸಿ, ಮತ್ತೆ ಹಾಕುತ್ತಿದ್ದರು. ದೊರೆ ಪೈಪಿನೊಳಗೆ ತಲೆ ತಗ್ಗಿಸಿ ನಿಂತಿತ್ತು. ಹಳದಿ ಗೆರೆಗಳು ಹಳೆ ಬಟ್ಟೆಯ ಬಣ್ಣಕ್ಕೆ ಬಂದವು. ಬೆನ್ನು ಸೊರಗಿ ತಲೆ ದೊಡ್ಡದಾಗಿ ಕಾಣತೊಡಗಿತು. ನಾನು ಅತ್ತೆಯ ಮುಖವನ್ನೂ ನೋಡುತ್ತಿದ್ದೆ. ಅದೂ ಸೊರಗುತ್ತಿತ್ತು. ಹೊಗಳಿಕೆ ನಿಂತುಹೋಗಿತ್ತು, ಅದಕ್ಕಿಂತ ದೊಡ್ಡ ಸಂಕಟ ಬೇಕೇ?

"ಮಾವ ಕೇಳ್ತಾರಾ ಅತ್ತೆ, ಮೀನು ಹೇಗಿದೆ ಅಂತ?"

"ಕೇಳಲ್ಲ. ನಾನು ಮನೆಗೆ ಹೋದಾಗ ನನ್ನ ಕೈ ಮೂಸ್ತಾನೆ. ತಿಂದಿದ್ರೆ ಬೇರೆ ವಾಸನೆ ಬರುತ್ತೆ ಅಂದ್ಕೊಂಡಿದಾನೆ, ಹುಚ್ಚ." ಅಷ್ಟು ಹೇಳಿ ಪಂಪಿನ ಕಡೆ ತಿರುಗಿದರು.

ಇಯೋತೇಬಾ ಬಂದು ಗಾಜಿಗೆ ಹಣೆ ಒತ್ತಿ ನಿಂತ. "ಅಕ್ಕಾ, ಇದನ್ನ ಕಡಲಿಗೆ ಬಿಟ್ಬಿಡೋಣ. ಇಲ್ಲಿ ನರಳೋದು ಬೇಡ."

"ಈ ಮೈಯಲ್ಲಿ ಅಲೆಗೆ ನಿಲ್ತಾನಾ? ಬಿಟ್ಟ ಗಳಿಗೇಲಿ ಹಕ್ಕಿ ಎತ್ಕೊಂಡು ಹೋಗುತ್ತೆ."

"ಮತ್ತೆ?"

"ಮತ್ತೆ ಏನು? ವಿಮಾನ ಬರೋದು ಇನ್ನೂ ಇದೆಯಲ್ಲ. ನೀನು ಹೋಗಿ ನೆಲ ತೊಳಿ."

ಅದೇ ವಾರ ನಮ್ಮ ಊರಿಗೆ ಹೊಸ ಪಾದ್ರಿ ಬಂದರು. ರಾಜಧಾನಿ ತರಾವಾದಲ್ಲಿ ಓದು ಮುಗಿಸಿ ನೇರವಾಗಿ ಬಂದವರು, ಹೆಸರು ತಿಯೋನ್, ಮೀಸೆ ಇನ್ನೂ ಆ ಮುಖವನ್ನು ಸರಿಯಾಗಿ ಒಪ್ಪಿಕೊಂಡಿರಲಿಲ್ಲ. ಊರ ಚಾವಡಿಯಲ್ಲಿ ಊಟ. ಸುಟ್ಟ ಹಂದಿ, ಕೋಳಿ, ದೀವಿಹಲಸು, ತೆಂಗಿನ ಹಾಲಿನ ಕುಂಬಳಕಾಯಿ, ಅನ್ನದ ಗುಡ್ಡ. ಪಾದ್ರಿಗಳನ್ನು ನಡುವಿನ ಚಾಪೆಯ ಮೇಲೆ ಒಬ್ಬರನ್ನೇ ಕೂರಿಸಿದೆವು. ಸುತ್ತಲೂ ಊರು ಕೂತಿತು. ಒಬ್ಬ ಹಿರಿಯರು ಎದ್ದು ಸ್ವಾಗತ ಹೇಳಿದರು, ಇನ್ನೊಬ್ಬರು ಎದ್ದು ಅದನ್ನೇ ಇನ್ನೂ ಉದ್ದವಾಗಿ ಹೇಳಿದರು. ಇಬ್ಬರು ಹೆಂಗಸರು ಎಡಬಲದಲ್ಲಿ ಬೀಸಿದರು. ಆಮೇಲೆ ಎಲ್ಲರೂ ಸುಮ್ಮನಾಗಿ ಅವರ ಬಾಯಿಯನ್ನೇ ನೋಡುತ್ತ ಕೂತೆವು.

ಪಾಪ, ಆ ಹುಡುಗ ಎರಡು ತುತ್ತು ತಿಂದ. ಮೂರನೆಯದನ್ನು ಎತ್ತಿದ, ಊರೆಲ್ಲ ಅದರ ಜೊತೆಗೇ ಕಣ್ಣೆತ್ತಿತು. ಇಳಿಸಿಬಿಟ್ಟ.

"ತುಂಬಾ ಚೆನ್ನಾಗಿದೆ. ಸಾಕು."

"ಇನ್ನೊಂಚೂರು ತಗೊಳ್ಳಿ."

"ಇಲ್ಲ ಇಲ್ಲ, ಹೊಟ್ಟೆ ತುಂಬ್ತು."

ಹಿರಿಯರಿಗೆ ಸಮಾಧಾನವಾಯಿತು: ಎಂಥ ಸಂಯಮದ ಪಾದ್ರಿ. ಅವರು ಕೈ ತೊಳೆದ ಮೇಲೆ ಊರು ಉಂಡಿತು.

ಊಟವಾದ ಮೇಲೆ ನಾನೂ ಅತ್ತೆಯೂ ಪಾತ್ರೆ ಎತ್ತಿಕೊಂಡು ಅಡುಗೆಮನೆಯ ಹಿಂದಕ್ಕೆ ಹೋದೆವು. ಅಲ್ಲಿ ಒಲೆಯ ಬೂದಿಯ ಪಕ್ಕ ಊರ ಹುಡುಗರು ಒಂದೇ ತಪ್ಪಲೆಗೆ ಕೈ ಹಾಕಿ, ಒಬ್ಬರ ತುತ್ತು ಒಬ್ಬರು ಕಸಿದು ತಿನ್ನುತ್ತಿದ್ದರು. ಅವರ ನಡುವೆ ಪಾದ್ರಿ. ಒಂದು ಕೈಯಲ್ಲಿ ಕೋಳಿಕಾಲು, ಇನ್ನೊಂದು ಕೈ ತಪ್ಪಲೆಯ ತಳದಲ್ಲಿ. ನಮ್ಮನ್ನು ನೋಡಿದ್ದೇ ದವಡೆ ನಿಂತುಹೋಯಿತು.

"ತಿನ್ನಿ ಪಾದ್ರಿಗಳೇ. ನಾನು ನೋಡ್ತಿಲ್ಲ," ಎಂದು ಅತ್ತೆ ಬೆನ್ನು ತಿರುಗಿಸಿದರು. ನಾನೂ ತಿರುಗಿದೆ. ಹಿಂದೆ ಮೂಳೆ ಕಡಿಯುವ ಸದ್ದು ಮತ್ತೆ ಶುರುವಾಯಿತು.

ಅತ್ತೆ ಪಾತ್ರೆ ಹಿಡಿದು ಹಾಗೇ ನಿಂತಿದ್ದರು. ಮೊದಲು ಭುಜ ಅಲುಗಿತು. ಅಳುತ್ತಿದ್ದಾರೆಂದುಕೊಂಡೆ. ನೋಡಿದರೆ ನಗು. ತಿಬುತ ಎಂಬ ನೆರಿಗೆ ರವಿಕೆಯ ತೋಳಿನಿಂದ ಕಣ್ಣೊರೆಸಿಕೊಂಡು, "ನಾವೆಂಥ ಮಂಕರೇ," ಎಂದರು. "ದೊರೆ ಎದುರಿಗೂ ಇದನ್ನೇ ಮಾಡಿದ್ವಲ್ಲ. ಒಬ್ಬನ್ನೇ ಕೂರ್ಸಿ, ಊರೆಲ್ಲ ಬಾಯಿ ನೋಡ್ಕೊಂಡು. ಕಡಲಲ್ಲಿ ಅವನಿಗೆ ಯಾರು ಹೀಗೆ ಬಡಿಸ್ತಿದ್ರು? ಪಕ್ಕದವನು ಬಾಯಿ ಹಾಕಿದ ಕಡೆ ತಾನೂ ಬಾಯಿ ಹಾಕಿ ಬೆಳೆದವನು ಅವನು." ಪಾತ್ರೆಗಳನ್ನು ನನ್ನ ಮೇಲೆ ಪೇರಿಸಿ, "ನಿನ್ ಮಗಳೆಲ್ಲಿ?" ಎಂದರು.

ಮೇರೆಯ ಬಳಿ ಒಂದು ಮೀನಿತ್ತು. ಬಂಡೆಯ ಹೊಂಡದಲ್ಲಿ ಅವಳಪ್ಪ ಹಿಡಿದು ಕೊಟ್ಟದ್ದು. ಬಿಳಿ ಮೈ, ಉದ್ದುದ್ದ ಕಪ್ಪು ಪಟ್ಟೆ, ಅವಳ ಅಂಗೈಯಷ್ಟು ಅಗಲ. ಇಂಥವು ದಂಡೆಯಲ್ಲಿ ಹಿಂಡುಗಟ್ಟಲೆ ಇವೆ, ಯಾವ ದೇಶದವರೂ ನಮ್ಮಿಂದ ಕೇಳುವುದಿಲ್ಲ. ಒಡೆದ ಐಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಳು, ದಿನಾ ನೀರು ಬದಲಿಸುವ ಪಾಡು ನನ್ನದು. ಏನು ಹಾಕಿದರೂ ತಿನ್ನುತ್ತಿತ್ತು. ಹಡಗಿನ ಗಟ್ಟಿ ಬಿಸ್ಕತ್ತನ್ನೂ ತಿಂದದ್ದರಿಂದ ಹೆಸರು ಬಿಸ್ಕತ್ತು.

"ನಿನ್ನ ಬಿಸ್ಕತ್ತು ನನಗೆ ಬೇಕು," ಎಂದರು ನೇಯ್ ಅಕೋಯಾ, ಕುಕ್ಕರಗಾಲಲ್ಲಿ ಅವಳೆದುರು ಕೂತು.

"ತಿನ್ನೋಕಾ?"

"ಅಲ್ಲ ಕಣೇ. ತಿನ್ನೋದು ಹೇಗೆ ಅಂತ ಒಬ್ಬರಿಗೆ ತೋರ್ಸೋಕೆ."

ಮೇರೆ ಯೋಚಿಸಿದಳು. "ಅವನಿಗೆ ಬರೋದು ಅದೊಂದೇ."

"ಅಷ್ಟೇ ಸಾಕು ನನಗೆ."

"ನಾನೂ ಬರ್ತೀನಿ."

"ಬಾ. ಬಾಯಿ ಮುಚ್ಕೊಂಡು ಬಾ."

ಶೆಡ್ಡಿಗೆ ಹೋದವರೇ ನೇಯ್ ಅಕೋಯಾ ಚಾಪೆ ಸುತ್ತಿದರು, ಕೂತವರನ್ನು ಎಬ್ಬಿಸಿದರು, ನೇಯ್ ತೆಕಾರೇಯ ಕೈಯಿಂದ ಬೀಸಣಿಗೆ ಕಿತ್ತುಕೊಂಡರು. ಬಿಸ್ಕತ್ತನ್ನು ಮೊದಲು ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ದೊರೆಯ ತೊಟ್ಟಿಯಲ್ಲಿ ಮುಳುಗಿಸಿದರು. ದೊಡ್ಡವನು ಚಿಕ್ಕವನನ್ನು ಕಚ್ಚುತ್ತಾನೋ, ಚಿಕ್ಕವನು ನಿತ್ರಾಣದವನನ್ನು ಅಟ್ಟುತ್ತಾನೋ ನೋಡಬೇಕಲ್ಲ. ದೊರೆ ಪೈಪಿನಿಂದ ಮೂತಿ ಹೊರಗೆ ಚಾಚಿತು, ಅಷ್ಟೇ. ಮಾರನೆಯ ದಿನ ಡಬ್ಬಿ ತೆಗೆದರು. ಚಿಪ್ಪಿನ ಮಾಂಸದ ಚೂರು ಬಿಸ್ಕತ್ತಿನ ಮೂತಿಗೇ ಬೀಳುವಂತೆ ಹಾಕಿದರು. ದೊರೆಯ ಕಡೆ ಒಂದು ಎಳೆಯೂ ಇಲ್ಲ. ಆಮೇಲೆ ತಟ್ಟೆ ಬಡಿಸಿಕೊಂಡು ತೊಟ್ಟಿಗೆ ಬೆನ್ನು ಹಾಕಿ ಕೂತರು. ನಾನೂ ಮೇರೆಯೂ ಬಂದು ನೋಡಿದ್ದು ಆಗಲೇ, ಮೇರೆ ಆ ಪ್ರಶ್ನೆ ಕೇಳಿದ್ದು ಆಗಲೇ.

ಅವರು ಹೇಳಿದಂತೆ ನಾವೂ ತಟ್ಟೆ ಹಿಡಿದು ಪಕ್ಕಕ್ಕೆ ಕೂತೆವು. ಬೆನ್ನ ಹಿಂದೆ ಹಸಿದವನನ್ನು ಇಟ್ಟುಕೊಂಡು ಉಣ್ಣುವುದು ನಮ್ಮಂಥವರಿಗೆ ಸುಲಭವಲ್ಲ. ಬೆನ್ನು ಚುರುಗುಟ್ಟುತ್ತದೆ. ಅಷ್ಟರಲ್ಲಿ ಇಯೋತೇಬಾ ಬಂದ.

"ಅಕ್ಕಾ, ದೊರೆಗೆ ಏನೂ ಹಾಕಿಲ್ವಲ್ಲ."

"ಹಾಕಲ್ಲ."

"ಆ ಹೊಟ್ಟೆಬಾಕನಿಗೆ ಹಾಕ್ತಿದೀಯ?"

"ಹೂಂ."

"ನೀನೂ ಉಣ್ತಿದೀಯ."

"ಕಣ್ಣು ಚೆನ್ನಾಗಿದೆ ನಿಂಗೆ. ಕೂತ್ಕೊಂಡು ಉಣ್ಣೋದಿದ್ರೆ ಕೂತ್ಕೊ, ನೋಡೋಕೆ ಬಂದಿದ್ರೆ ಹೋಗು."

ಅವನು ಕೂತ. ಏನು ಮಾಡುತ್ತಾನೆ? ನಾಲ್ವರೂ ಗೋಡೆ ನೋಡಿಕೊಂಡು ಉಣ್ಣುತ್ತಿದ್ದೆವು. ಹಿಂದೆ ಬಿಸ್ಕತ್ತು ಮೇಲಕ್ಕೆ ಬಂದು ಬಾಯಿ ಹಾಕುವ ಚಿಟಿಚಿಟಿ ಸದ್ದು. ಸ್ವಲ್ಪ ಹೊತ್ತಾದ ಮೇಲೆ ಅದರ ನಡುವೆ ಇನ್ನೊಂದು ಸದ್ದು: ಹಲಗೆಯನ್ನು ಬೆರಳ ಗೆಣ್ಣಿನಿಂದ ಒಮ್ಮೆ ಬಡಿದಂತೆ, ದಪ್ಪಗೆ, ಟೊಕ್. ದೊರೆ ಮೀನು ರೇಗಿದಾಗ ಹಾಗೆ ಸದ್ದು ಮಾಡುತ್ತದೆ ಎಂದು ಮುಳುಗುಗಾರರೆಲ್ಲರಿಗೂ ಗೊತ್ತು. ನೇಯ್ ಅಕೋಯಾ ಅಗಿಯುವುದನ್ನು ನಿಲ್ಲಿಸಿದರು.

ಮೇರೆ ಕಿವಿ ಹಿಂಡಿಸಿಕೊಳ್ಳಲು ಸಿದ್ಧವಾಗಿಯೇ ತಿರುಗಿದಳು. "ಅಜ್ಜೀ, ಅವನು ಬಿಸ್ಕತ್ತಿಂದ ಕಿತ್ಕೊಂಡ."

"ಉಗಿದ್ನಾ?"

"ಇಲ್ಲ. ಇನ್ನೊಂದು ಕಿತ್ಕೊಂಡ."

ಇಯೋತೇಬಾ ಏಳಲು ಹೋದ. ನೇಯ್ ಅಕೋಯಾ ಅವನ ಅಂಗಿ ಹಿಡಿದು ಕೂರಿಸಿದರು. "ಉಣ್ಣು," ಎಂದರು. ತಾವೂ ತಟ್ಟೆಯಲ್ಲಿದ್ದುದನ್ನು ಕೊನೆಯ ಅಗುಳಿನ ತನಕ ಉಂಡರು. ಗೋಡೆಯನ್ನೇ ನೋಡುತ್ತಿದ್ದರು, ಆದರೆ ಆ ಮುಖ ನೋಡಬೇಕಿತ್ತು. ಮದುಮಗಳನ್ನು ಚಾವಡಿಗೆ ಕರೆತರುವ ತಾಯಿಯ ಮುಖ.

ಆಮೇಲೆ ದಿನದಿಂದ ದಿನಕ್ಕೆ ಮೀನು ತನ್ನ ಬಣ್ಣ ವಾಪಸು ತಂದುಕೊಂಡಿತು. ಮೊದಲು ಕಣ್ಣ ಪಟ್ಟಿ ಕಪ್ಪಾಯಿತು, ಆಮೇಲೆ ಗೆರೆಗಳು ಒಂದೊಂದಾಗಿ ಹಳದಿ ತಿರುಗಿದವು. ವಾಲುವುದು ನಿಂತಿತು. ಸ್ಪಂಜಿನ ಕಲ್ಲನ್ನು ಬೋಳಿಸಿ ಹಾಕಿತು. ಬಿಸ್ಕತ್ತಿನ ಪಾಡು ಕಷ್ಟಕ್ಕೆ ಬಂತು, ಆದರೆ ಅದೂ ಬಿಟ್ಟುಕೊಡುವ ಜಾತಿಯಲ್ಲ. ನಾನು ಮನೆಯಲ್ಲಿ ಮೇರೆಯ ತಟ್ಟೆಯ ಎದುರು ಕೂತು ಬೇಡಿಕೊಳ್ಳುವುದನ್ನು ನಿಲ್ಲಿಸಿದೆ. ನಾನು ಮೊದಲು ಉಣ್ಣುತ್ತೇನೆ, ಅವಳು ನನ್ನ ತಟ್ಟೆಗೆ ಕೈ ಹಾಕುತ್ತಾಳೆ. ಸೊಪ್ಪನ್ನೂ ತಿನ್ನುತ್ತಾಳೆ.

ವಿಮಾನದ ದಿನ ಬೆಳಿಗ್ಗೆ ನೇಯ್ ಅಕೋಯಾ ದೊರೆಯನ್ನು ಒದ್ದೆ ಅಂಗೈಯಲ್ಲಿ ಹಿಡಿದು, ರೆಕ್ಕೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿ, ಇಯೋತೇಬಾನನ್ನು ಕರೆದರು.

"ನೋಡು. ಸೂಜಿ ಬಿದ್ದ ಜಾಗ."

ಒಂದು ಚುಕ್ಕೆ. ಹುಡುಕಿದರೆ ಮಾತ್ರ ಕಾಣುವಷ್ಟು. ಎಲ್ಲಿರಬೇಕೋ ಸರಿಯಾಗಿ ಅಲ್ಲಿ.

"ನಡುಗೋ ಕೈ ಇಂಥ ಚುಕ್ಕೆ ಇಡುತ್ತಾ?"

ಇಯೋತೇಬಾ ಬಹಳ ಹೊತ್ತು ನೋಡಿದ. "ಇಲ್ಲ ಅಕ್ಕಾ."

"ಜೋರಾಗಿ ಹೇಳು. ಪಂಪಿನ ಸದ್ದಲ್ಲಿ ಕೇಳಿಸ್ಲಿಲ್ಲ."

"ಇಲ್ಲ. ಭಾವನ ಕೈ ಚೆನ್ನಾಗಿದೆ. ಅವತ್ತು ಮೀನು ಹೆದರಿತ್ತು, ಅಷ್ಟೇ."

ಚೀಲಕ್ಕೆ ನೀರು ತುಂಬಿ, ಗಾಳಿ ಹಿಡಿಸಿ, ಪೆಟ್ಟಿಗೆಯಲ್ಲಿಟ್ಟು, ಲಾರಿಯ ತನಕ ಅದನ್ನು ಹೊತ್ತವರು ಅತ್ತೆಯೇ. ಬೇರೆಯವರಿಗೆ ಮುಟ್ಟಲು ಬಿಡಲಿಲ್ಲ. ದಾರಿಯ ಎರಡು ಪಕ್ಕದ ಮನೆಗಳವರೂ ಹೊರಗೆ ಬಂದು ನಿಂತಿದ್ದರು. ನಮ್ಮವರು ಚಪ್ಪಾಳೆ ಗಿಪ್ಪಾಳೆ ಹೊಡೆಯುವುದಿಲ್ಲ, ಸುಮ್ಮನೆ ನಿಲ್ಲುತ್ತಾರೆ. ನಾನು ಮೇರೆಯನ್ನು ಎತ್ತಿಕೊಂಡು ಅವರ ಹಿಂದೆಯೇ ನಡೆದೆ, ಇವರು ನಮ್ಮತ್ತೆ ಎಂದು ಎಲ್ಲರಿಗೂ ಗೊತ್ತಾಗುವಷ್ಟು ಹತ್ತಿರದಲ್ಲಿ. ಲಾರಿ ಹೊರಟ ಮೇಲೆ ಕೈ ಒರೆಸಿಕೊಂಡು, "ತಬಿತೇವೇಯಾದ ಹೆಣ್ಣು ಅಂದ್ರೆ ಹೀಗಿರ್ಬೇಕು," ಎಂದು ಯಾರೂ ಕೇಳದಿದ್ದರೂ ಹೇಳಿದರು. ಹೊಗಳಿಕೆ ಮರಳಿ ಬಂತಲ್ಲ ಎಂದು ನನಗೆ ಮೈ ಹಗುರಾಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಬಕೋವಾ ಮಾವ ಮುಗಿಯಗೊಡಲಿಲ್ಲ.

ಮಧ್ಯಾಹ್ನ ಇಯೋತೇಬಾ ಹೊಗೆಸೊಪ್ಪಿನ ಕಾಣಿಕೆ ಹಿಡಿದುಕೊಂಡು, ಇಬ್ಬರು ಹಿರಿಯರನ್ನೂ ಜೊತೆಗೆ ಕರೆದುಕೊಂಡು ಅವರ ಅಟ್ಟಣಿಗೆಗೆ ಹೋದ. ನನೋವಾ ಹೋದ, ದೋಣಿಯ ಹುಡುಗರೆಲ್ಲ ಹೋದರು. ಎಲ್ಲರೂ ಮಾವನ ಎದುರಿಗೆ ಕೂತರು.

"ನಾಳೆ ದೋಣಿ ಹೊರಡುತ್ತೆ ಭಾವ. ನೀವು ಬರ್ಬೇಕು."

ಮಾವ ಬಲೆಯ ಹರಕು ಹೊಲಿಯುತ್ತಿದ್ದರು. ಸೂಜಿ ನಿಲ್ಲಲಿಲ್ಲ. "ಮೀನು ಸಾಕ್ಷಿ ಹೇಳಿದ್ಮೇಲೆ ನೆನಪಾದ್ನಾ ನಾನು?"

"ತಪ್ಪಾಯ್ತು ಭಾವ."

"ತಪ್ಪೇನಿಲ್ಲ. ನನಗೆ ಇಲ್ಲೇ ಚೆನ್ನಾಗಿದೆ."

"ನೀವಿಲ್ದೆ ಹುಡುಗರು ಹೋಗಲ್ಲ ಅಂತಿದಾರೆ."

"ಹಾಗಾದ್ರೆ ಅವರಿಗೂ ಇಲ್ಲೇ ಚೆನ್ನಾಗಿರುತ್ತೆ."

ಒಬ್ಬ ಹಿರಿಯರು ಎದ್ದು ಒಳ್ಳೆಯ ಮಾತು ಹೇಳಿದರು, ಇನ್ನೊಬ್ಬರು ಎದ್ದು ಅದನ್ನೇ ಉದ್ದವಾಗಿ ಹೇಳಿದರು. ಆಮೇಲೆ ಎಲ್ಲರೂ ಸುಮ್ಮನಾಗಿ ಮಾವನ ಬಾಯಿಯನ್ನೇ ನೋಡುತ್ತ ಕೂತರು. ಮಾವ ಬಲೆಯೊಳಗೆ ತಲೆ ತಗ್ಗಿಸಿದರು. ಬಿಸಿಲು ಇಳಿಯುವ ತನಕ ಕೂತಿದ್ದು ಎಲ್ಲರೂ ಎದ್ದು ಬಂದರು.

ಸಂಜೆ ನಾನು ಬಿಸ್ಕತ್ತನ್ನು ವಾಪಸು ತರಲು ಶೆಡ್ಡಿಗೆ ಹೋದಾಗ ನೇಯ್ ಅಕೋಯಾ ಖಾಲಿ ತೊಟ್ಟಿ ಉಜ್ಜುತ್ತಿದ್ದರು. ನಡೆದದ್ದು ಅವರಿಗೆ ತಿಳಿದಿತ್ತು.

"ಮನೇಲಿ ಕೂತ್ರೆ ಇವನು ನನ್ನ ಅಡುಗೆಗೆ ಹೆಸರಿಡೋಕೆ ಶುರು ಮಾಡ್ತಾನೆ. ಇವತ್ತೇ ಉಪ್ಪು ಜಾಸ್ತಿ ಅಂದ," ಎಂದರು. ಆಮೇಲೆ ಬ್ರಷ್ ಕೆಳಗಿಟ್ಟರು. ತೊಟ್ಟಿಯ ಅಂಚಿಗೆ ಒರಗಿ, ಅಪರೂಪಕ್ಕೆ ಸಣ್ಣ ದನಿಯಲ್ಲಿ ಮಾತಾಡಿದರು.

"ನಂಗೊಂದು ಉಪಕಾರ ಮಾಡು ತಾಯಿ. ನಿನ್ ಗಂಡನಿಗೆ ನೀನು ಹೇಳಿದ್ರೆ ಕೇಳ್ತಾನೆ. ನಾಳೆ ಬೆಳಿಗ್ಗೆ ದೋಣಿಗೆ ಹೋಗೋವಾಗ ಹುಡುಗರನ್ನ ಕರ್ಕೊಂಡು ನಮ್ಮ ಅಟ್ಟಣಿಗೆ ಮುಂದೇನೇ ಹೋಗ್ಲಿ. ಮಾವನ್ನ ಕರೀಬಾರ್ದು. ನಿಲ್ಲಬಾರ್ದು. ಆ ಕಡೆ ತಿರುಗಿ ನೋಡ್ಲೂಬಾರ್ದು. ಜೋರಾಗಿ ನಗ್ತಾ, ಆ ದೊರೆ ಸಿಕ್ಕಿದ ಜಾಗದಲ್ಲಿ ಅದರ ಜೊತೆಗಾರ ಇನ್ನೂ ಇದೆ, ಇವತ್ತು ಅದಕ್ಕೆ ಸೂಜಿ ಹಾಕೋನು ನಾನೇ ಅಂತ ಹೇಳ್ಕೊಂಡು ಹೋಗ್ಲಿ. ಹೇಳ್ತೀಯಾ?"